ಮುಗಿಲಾಂಬೆಯ ಸೋದರಮಾವ

ನೀಲಪ್ಪ ಗಿರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ತೋಳನ್ನು ಒಂದು ಕೈಯಿಂದ ಬಡಿಯುತ್ತ, ಇನ್ನೊಂದು ಕೈಯ ಬೆರಳಲ್ಲಿ ಬೀಳುವ ಹಿಟ್ಟನ್ನು ತಿಕ್ಕಿ ನೋಡುತ್ತಿದ್ದ. ಹಿಟ್ಟು ಶಟ್ಟೆವ್ವನದು. ಶಟ್ಟೆವ್ವನ ಜೋಳ ಬೀಸುವುದೆಂದರೆ ಪರೀಕ್ಷೆಗೆ ಕೂತ ಹಾಗೆ. ತರಿತರಿಯಾದರೆ ರೊಟ್ಟಿ ಬಿರಿಯಿತು ಎನ್ನುವಳು, ನುಣ್ಣಗಾದರೆ ಹಿಟ್ಟು ಸುಟ್ಟಿತು ಎನ್ನುವಳು, ಸರಿಯಾಗಿ ಬಿದ್ದರೆ ‘ನನ್ನ ಜ್ವಾಳ ಛಲೋ ಅದಾವು’ ಎಂದು ಜೋಳಕ್ಕೆ ಹೆಸರು ಕೊಡುವಳು. ಮುನವಳ್ಳಿಯ ಆ ಓಣಿಯಲ್ಲಿ ನೀಲಪ್ಪನಿಗೆ ಹೆಸರು ಕೊಟ್ಟವರು ಯಾರೂ ಇರಲಿಲ್ಲ. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲವೂ ಹಿಟ್ಟಿನಿಂದ ಬೆಳ್ಳಗಾಗಿ ನಡುವಯಸ್ಸಿಗೇ ಮುದುಕನಂತೆ ಕಾಣುತ್ತಿದ್ದ ಅವನನ್ನು ಜನ ನೋಡುತ್ತಿದ್ದುದು ತಮ್ಮ ಡಬ್ಬಿ ತುಂಬಿತೋ ಇಲ್ಲವೋ ಎಂದು ನೋಡುವಾಗ ಮಾತ್ರ.

ಅಷ್ಟರಲ್ಲಿ ಕರೆಂಟು ಹೋಯಿತು. ತೊಂಬತ್ತರ ದಶಕದ ನಡುವಿನ ವರ್ಷಗಳವು. ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಗಿರಣಿಯ ಸದ್ದು ನಿಂತೊಡನೆ ಹೆಂಗಸರು ಚೀಲದ ಮೇಲೆ, ಡಬ್ಬಿಯ ಮೇಲೆ, ಹೊಸ್ತಿಲ ಮೇಲೆ ಕೂತು ಮಾತಿನ ಗಿರಣಿ ಶುರುಮಾಡಿದರು. ಕನ್ನಡ ಶಾಲೆಗೆ ಶಿಕ್ಷಕಿಯಾಗಿ ಬೈಲಹೊಂಗಲದಿಂದ ವರ್ಗವಾಗಿ ಬಂದಿದ್ದ ಅನ್ನಪೂರ್ಣಾ ಅಕ್ಕೋರು ಮಾತ್ರ ಗೋಧಿಯ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ಓದತೊಡಗಿದರು.

“ಅದೇನ್ರಿ ಅಕ್ಕೋರ, ಗೋದಿ ಜೋಡಿ ಬೀಸಾಕ ತಂದೀರೇನ?” ಎಂದಳು ನೀಲಪ್ಪನ ಹೆಂಡತಿ ಚನ್ನವ್ವ.

“‘ನೆರಳೂರಿನ ಅರಸಿ’ ರೀ. ಎಲ್ಲಾರೂ ಇದನ್ನ ಓದಾಕತ್ತಾರ. ನೀವು ಕೇಳಿಲ್ಲೇನ?”

ಯಾರೂ ಕೇಳಿರಲಿಲ್ಲ. ಅಕ್ಕೋರು ಹೇಳಿದರು. ಸವದತ್ತಿಯ ಗ್ರಂಥಾಲಯದಲ್ಲಿ ಆ ಕಾದಂಬರಿಗೆ ಸರದಿ ಹಚ್ಚಿ ನಿಂತಿದ್ದಾರಂತೆ. ರಾಮದುರ್ಗದ ಒಬ್ಬ ವಕೀಲರು ಅದನ್ನು ಓದಿದಾಗಿನಿಂದ ಮಟಮಟ ಮಧ್ಯಾಹ್ನ ಹೊರಗೆ ಕಾಲಿಡುತ್ತಿಲ್ಲವಂತೆ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಫ್ಯಾಕ್ಟರಿಯ ಮುಂದೆ ಕಬ್ಬಿನ ಲಾರಿ ನಿಲ್ಲಿಸಿಕೊಂಡು ಓದುತ್ತಿದ್ದ ಡ್ರೈವರನಿಗೆ ಮುಂದಿನ ಲಾರಿಗಳೆಲ್ಲ ಸರಿದು ಒಳಗೆ ಹೋದದ್ದೇ ತಿಳಿಯದೆ, ಹಿಂದಿನವರು ಬಂದು ಅವನನ್ನು ಪುಸ್ತಕಸಮೇತ ಎತ್ತಿ ಇಳಿಸಿದರಂತೆ. ಇನ್ನು ಕಿತ್ತೂರಿನ ಒಬ್ಬ ನಿವೃತ್ತ ಮಾಸ್ತರರು ಓದಿ ಮುಗಿಸಿ, ‘ಇದರಷ್ಟು ಸುಳ್ಳು ನಾನು ಸಾಕ್ಷಿ ಹೇಳಿದ ಕೋರ್ಟಿನಲ್ಲೂ ಕೇಳಿಲ್ಲ’ ಎಂದು ಪತ್ರಿಕೆಗೆ ಬರೆದು, ಮರುವಾರ ತಾವೇ ಎರಡನೆಯ ಪ್ರತಿ ಕೊಂಡರಂತೆ.

“ಬರದವರು ಯಾರ್ರಿ?” ಎಂದಳು ಶಟ್ಟೆವ್ವ.

“ಗುರುಪಾದ ಸುರೇಬಾನಕರ ಅಂತ. ಈಗ ಧಾರವಾಡದಾಗ ಇರತಾರ. ಮೂಲ ನಮ್ಮ ರಾಮದುರ್ಗ ಕಡೆ, ಸುರೇಬಾನದವರು.”

ಇಲ್ಲಿಯತನಕ ನೀಲಪ್ಪ ಬಾಯಿ ಮುಚ್ಚಿಕೊಂಡಿದ್ದ. ಕರೆಂಟು ಇನ್ನೊಂದು ಗಳಿಗೆ ಮೊದಲು ಬಂದಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ. ಆದರೆ ಸುರೇಬಾನ ಅವನ ತಾಯಿಯ ತವರು. ಅಕ್ಕೋರಂಥ ಅಕ್ಕೋರು ಕಣ್ಣರಳಿಸಿ ಹೊಗಳುವ ಮನುಷ್ಯ ಆ ಊರಿನವನು ಎಂದೊಡನೆ ಅವನ ಎದೆಯೊಳಗೆ ಏನೋ ಉಬ್ಬಿತು.

“ಯಾರು, ಗುರುಪಾದಪ್ಪನ?” ಎಂದ, ಕೈ ಜಾಡಿಸುತ್ತ. “ಅಂವಾ ನನಗ ಭಾವ ಆಗಬೇಕ್ರಿ.”

ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಚನ್ನವ್ವ ಗಂಡನ ಮುಖ ನೋಡಿದಳು. ಗಂಡನ ಅಕ್ಕತಂಗಿಯರೆಲ್ಲರ ಮನೆಯಲ್ಲಿ ಹೋಳಿಗೆ ಉಂಡು ಬಂದವಳು ಅವಳು.

“ಯಾವ ಅಕ್ಕನ್ನ ಕೊಟ್ಟಿದ್ರಿ?” ಎಂದಳು ಮೆಲ್ಲಗೆ.

“ದೂರದ್ದು. ನಿನಗ ಗೊತ್ತಾಗೂದಿಲ್ಲ. ಸುಮ್ನಿರ.”

ಆ ಹೊತ್ತಿಗೆ ಕರೆಂಟು ಬಂತು. ಅವತ್ತು ಶಟ್ಟೆವ್ವ ಡಬ್ಬಿ ಎತ್ತಿಕೊಳ್ಳುತ್ತ ಹಿಟ್ಟು ಮುಟ್ಟಿ ನೋಡದೆಯೇ, “ಛಲೋ ಬೀಸೀಯಪಾ ನೀಲಪ್ಪ” ಎಂದಳು. ಜನ್ಮದಲ್ಲಿ ಮೊದಲ ಸಲ. ಈ ಮಾತಿನ ರುಚಿ ಹತ್ತಿದ ಮೇಲೆ ಸುಳ್ಳನ್ನು ವಾಪಸು ತೆಗೆದುಕೊಳ್ಳುವುದು ಯಾವ ಮನುಷ್ಯನಿಂದಲೂ ಆಗದ ಕೆಲಸ.

ಶ್ರಾವಣ ಬಂತು. ಪ್ರತಿ ಶ್ರಾವಣಕ್ಕೂ ಓಣಿಯ ಬಸವಣ್ಣನ ಗುಡಿಯಲ್ಲಿ ತಿಂಗಳ ಪುರಾಣ ನಡೆಯುವುದು ಪದ್ಧತಿ. ಹೊರಗಿನಿಂದ ಶಾಸ್ತ್ರಿಗಳು ಬಂದು ಸಂಜೆಸಂಜೆ ಓದಿ ಅರ್ಥ ಹೇಳುತ್ತಿದ್ದರು. ಕತೆಯಲ್ಲಿ ಶರಣರು ಹುಟ್ಟಿದ ದಿನ ಹೆಂಗಸರು ತೊಟ್ಟಿಲು ಕಟ್ಟಿ ತೂಗುವರು, ಮದುವೆಯ ದಿನ ಅಕ್ಕಿಕಾಳು ಹಾಕುವರು, ಕಡೆಯ ದಿನ ಆರತಿ ಎತ್ತಿ ಮಂಗಲ ಹಾಡಿ ಹುಗ್ಗಿಯ ಪ್ರಸಾದ ಮಾಡುವರು. ಆ ವರ್ಷ ಶಾಸ್ತ್ರಿಗಳನ್ನು ಚಚಡಿ ಊರಿನವರು ಮೊದಲೇ ಹಿಡಿದುಬಿಟ್ಟಿದ್ದರು. ಓಣಿಯ ಹಿರಿಯ ಅಯ್ಯನವರಾದ ಬಸಯ್ಯನವರು, ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ತಾವೇ ಓದುತ್ತೇನೆಂದರು. ದನಿ ಇತ್ತು, ರಾಗವಿತ್ತು. ಓದಲು ಪುಸ್ತಕವಿರಲಿಲ್ಲ. ಗುಡಿಯ ಪುರಾಣದ ಹೊತ್ತಿಗೆಯನ್ನು ಗೆದ್ದಲು ಹಿಡಿದು, ಮೊದಲ ಸಂಧಿಯೂ ಕಡೆಯ ಸಂಧಿಯೂ ಒಂದಕ್ಕೊಂದು ಕೂಡಿಹೋಗಿದ್ದವು.

“ನಮ್ಮ ನೀಲಪ್ಪನ ಭಾವ ಬರದಿದ್ದ ಐತೆಲ್ಲ” ಎಂದಳು ಶಟ್ಟೆವ್ವ. “ಅದನ್ನ ಹಚ್ಚರಿ.”

ಅನ್ನಪೂರ್ಣಾ ಅಕ್ಕೋರು ಗಾಬರಿಯಾದರು. “ಅಯ್ಯ, ಅದು ಕಾದಂಬರಿ ರೀ ಆಯಿ. ಕಟ್ಟಿದ ಕತಿ. ಪುರಾಣ ಅಲ್ಲ.”

ಬಸಯ್ಯನವರು ವಿಭೂತಿಯ ಗಟ್ಟಿ ತಿಕ್ಕುತ್ತ ತೀರ್ಪು ಕೊಟ್ಟರು: “ಅಕ್ಕೋರ, ಪೀಠದ ಮ್ಯಾಲ ಇಟ್ಟು ಪೂಜಿ ಮಾಡೂತನಕ ಎಲ್ಲಾನೂ ಕಾಗದನ. ಪೂಜಿ ಆದ ಮ್ಯಾಲ ಪುರಾಣ.”

ಹೀಗೆ ‘ನೆರಳೂರಿನ ಅರಸಿ’ ಪೀಠವೇರಿದಳು. ಕತೆ ಹೀಗಿತ್ತು. ನೆರಳೂರಿನಲ್ಲಿ ಮಧ್ಯಾಹ್ನವಾದೊಡನೆ ಜನರ ನೆರಳುಗಳು ಅವರನ್ನು ಬಿಟ್ಟು ತಮ್ಮ ಊರಿಗೆ ಹೋಗಿ, ಸಂಜೆಗೆ ತಿರುಗಿ ಬರುತ್ತವೆ. ಆ ಊರಿನ ರಾಣಿಗೆ ಮಕ್ಕಳಿಲ್ಲ. ಅವಳೊಂದು ದಿನ ಮುಗಿಲಿನ ತುಣುಕು ನುಂಗಿ ಬಸಿರಾಗಿ ಹೆಣ್ಣು ಹಡೆಯುತ್ತಾಳೆ. ಅವಳೇ ಮುಗಿಲಾಂಬೆ. ಮುಗಿಲಿನ ಮಗಳಾದ್ದರಿಂದ ಅವಳಿಗೆ ನೆರಳೇ ಇಲ್ಲ. ನೆರಳಿಲ್ಲದವಳನ್ನು ಯಾರು ಮದುವೆಯಾದಾರು? ಹೊಳೆಯ ತಳದಲ್ಲಿರುವ ಊರಿನಿಂದ ಹೊಳೆರಾಯ ಎಂಬವನು ಎದ್ದುಬಂದು, ತನ್ನ ನೆರಳನ್ನೇ ಅವಳಿಗೆ ಉಡುಗೊರೆ ಕೊಟ್ಟು ಕೈಹಿಡಿಯುತ್ತಾನೆ.

ಬಸಯ್ಯನವರು ರಾಗವಾಗಿ ಓದುವರು, ಅಕ್ಕೋರು ಒಲ್ಲದ ಮನಸ್ಸಿನಿಂದ ಅರ್ಥ ಹೇಳುವರು. ಎಂದೂ ಪುರಾಣಕ್ಕೆ ಬಾರದ ಟ್ರ್ಯಾಕ್ಸ್ ಗಾಡಿಯ ಭರಮಪ್ಪನೂ ಬಂದು ಕಂಬಕ್ಕೊರಗಿ ಕೂತ. ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ತವರೂರನ್ನೇ ನೀರಿಗೆ ಕೊಟ್ಟಿದ್ದ ಶಟ್ಟೆವ್ವ, ಹೊಳೆಯ ತಳದ ಊರಿನ ಸುದ್ದಿ ಬಂದಾಗಲೆಲ್ಲ ಮುಂದೆ ಮುಂದೆ ಸರಿದು ಕೂತು, “ಅಲ್ಲಿ ಹಣಮಪ್ಪನ ಗುಡಿ ಐತೇನು, ಕೇಳರಿ” ಎನ್ನುವಳು. ಬಸಯ್ಯನವರು ಪುಟ ನೋಡಿ, “ಬರದಿಲ್ಲ. ಆದರ ಇರತೈತಿ” ಎನ್ನುವರು.

ಮುಗಿಲಾಂಬೆ ಹುಟ್ಟಿದ ಸಂಜೆ ಓಣಿಯ ಹೆಂಗಸರು ಗುಡಿಯ ತೊಲೆಗೆ ತೊಟ್ಟಿಲು ಕಟ್ಟಿ, ಒಳಗೆ ಕೊಬ್ಬರಿ ಬಟ್ಟಲು ಮಲಗಿಸಿ, ಜೋಗುಳ ಹಾಡಿದರು. ಮದುವೆಯ ಅಧ್ಯಾಯ ಬಂದಾಗ ನಿಜವಾದ ತೊಡಕು ಹುಟ್ಟಿತು. ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು. ಸೋದರಮಾವ ಯಾರು?

“ಹಡದಾಂವ ಗುರುಪಾದಪ್ಪ” ಎಂದು ಶಟ್ಟೆವ್ವ ಲೆಕ್ಕ ಹಾಕಿದಳು. “ಗುರುಪಾದಪ್ಪ ನೀಲಪ್ಪಗ ಭಾವ. ಅಂದ ಮ್ಯಾಲ ಹುಡುಗಿಗೆ ನೀಲಪ್ಪ ಸೋದರಮಾವ. ಏಳೋ ನೀಲಪ್ಪ. ಸೀರಿ ತಂದೀಯೇನ?”

ಬೀಗತನದ ಈ ಲೆಕ್ಕದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ನೀಲಪ್ಪ ಮನೆಗೆ ಓಡಿದ. ಚನ್ನವ್ವ ದೀಪಾವಳಿಗೆಂದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ ಇಳಕಲ್ಲ ಸೀರೆ ಗುಡಿಗೆ ಬಂದು ಕಲಶವನ್ನು ಸುತ್ತಿತು. ನೀಲಪ್ಪ ಕಲಶದ ಬೆನ್ನಿಗೆ, ಟೊಪ್ಪಿಗೆ ಹಾಕಿಕೊಂಡು, ಬೆವರುತ್ತ ನಿಂತ. ಎಲ್ಲರೂ ಅಕ್ಕಿಕಾಳು ಹಾಕಿದರು.

“ನನ್ನ ಮದುವ್ಯಾಗ ನನಗ ಇಂಥಾ ಸೀರಿ ತಂದಿದ್ದಿಲ್ಲ ನೀವು” ಎಂದಳು ಚನ್ನವ್ವ, ಮನೆಗೆ ಬರುತ್ತ. “ನೆರಳಿಲ್ಲದಾಕಿಗೆ ತಂದ್ರಿ.”

ಕಡೆಯ ದಿನ. ಗುಡಿಯ ಹಿಂದೆ ದೊಡ್ಡ ಹಂಡೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಆರತಿಯ ತಟ್ಟೆಗಳು ಸಾಲಾಗಿ ಕೂತಿದ್ದವು. ಬಸಯ್ಯನವರು ಕಡೆಯ ಅಧ್ಯಾಯ ಎತ್ತಿದರು. ನೆರಳು ಕೊಟ್ಟುಬಿಟ್ಟ ಹೊಳೆರಾಯನನ್ನು ನೆಲ ಇಟ್ಟುಕೊಳ್ಳುವುದಿಲ್ಲ. ಅವನು ಹೊಳೆಗೆ ಇಳಿಯುತ್ತಾನೆ. ನೀರು ಮುಚ್ಚಿಕೊಳ್ಳುತ್ತದೆ. ‘ಮುಗಿಲಾಂಬೆ ಇನ್ನೂ ದಂಡೆಯ ಮೇಲೆ ನಿಂತಿದ್ದಾಳೆ’ ಎಂದು ಓದಿ ಬಸಯ್ಯನವರು ಪುಟ ತಿರುವಿದರು. ಆಚೆ ಪುಟ ಬೋಳಾಗಿತ್ತು. ಬೆಳಕಿಗೆ ಹಿಡಿದು ನೋಡಿದರು. ಪುಸ್ತಕ ಒದರಿ ನೋಡಿದರು.

“ಮುಂದ?” ಎಂದಳು ಶಟ್ಟೆವ್ವ.

“ಇಷ್ಟ ಐತಿ.”

“ಇಷ್ಟ ಅಂದ್ರ? ಅರಿಷಿಣ ಆರಿಲ್ಲ ಹುಡುಗೀದು. ಹೊಳಿದಂಡ್ಯಾಗ ನಿಂದರಿಸಿ ಎಲ್ಲಿ ಹೋದಾ ನಿಮ್ಮ ಪುಸ್ತಕದಾಂವ?”

“ಅದ ಈ ಕಾದಂಬರಿಯ ಸೊಗಸು ರೀ ಆಯಿ” ಎಂದರು ಅಕ್ಕೋರು, ಕಣ್ಣಂಚು ಒರೆಸಿಕೊಳ್ಳುತ್ತ. “ಮುಂದಿಂದು ಓದೋರು ತಿಳಕೋಬೇಕು.”

“ನಾ ನಿಮ್ಮ ಗೋದಿ ಅರ್ಧಾ ಬೀಸಿ ಕೊಟ್ಟು, ಮುಂದಿಂದು ನೀವ ತಿಳಕೋರಿ ಅಂದ್ರ ಹೆಂಗ?” ಎಂದಳು ಚನ್ನವ್ವ.

“ಒಂದು ಯುದ್ಧ ಇಲ್ಲ, ಏನಿಲ್ಲ. ಗಾಡಿ ಗೇರಿನ್ಯಾಗ ಹಾಕಿ ಬ್ರೇಕ್ ಹೊಡದಂಗಾತು” ಎಂದ ಭರಮಪ್ಪ.

ಬಸಯ್ಯನವರಿಗೆ ಮಾತ್ರ ಬೇರೆ ಚಿಂತೆ. ಹೊಸ ಮದುವೆಯ ಹೆಣ್ಣನ್ನು ಒಬ್ಬಳನ್ನೇ ಹೊಳೆದಂಡೆಯಲ್ಲಿ ಬಿಟ್ಟು ಮಂಗಲ ಹಾಡುವಂತಿಲ್ಲ. ಮಂಗಲವಾಗದೆ ಪುರಾಣ ಮುಚ್ಚುವಂತಿಲ್ಲ. ಅವರು ತೆರೆದ ಪುಟದ ಮೇಲೆ ನೂಲು ಸುತ್ತಿ, ಮೇಲೊಂದು ವಸ್ತ್ರ ಹೊದಿಸಿದರು. ಆರತಿಗಳು ಹೊತ್ತಿಸದೆ ಮನೆಗೆ ಹೋದವು. ಹುಗ್ಗಿಯನ್ನು ಏನು ಮಾಡುವುದೆಂದು ಚರ್ಚೆಯಾಗಿ, ಅದು ಪ್ರಸಾದವಲ್ಲ, ಬರೀ ಊಟ ಎಂದು ಗಟ್ಟಿಯಾಗಿ ಸಾರಿ ಹೇಳಿ ಬಡಿಸಿದರು. ಅಷ್ಟು ಸಪ್ಪೆ ಮುಖ ಮಾಡಿಕೊಂಡು ಅಷ್ಟೊಂದು ಹುಗ್ಗಿ ಉಂಡ ಜನ ಆ ತಾಲೂಕಿನಲ್ಲಿ ಇನ್ನೊಮ್ಮೆ ಸಿಗಲಿಕ್ಕಿಲ್ಲ.

“ನೀಲಪ್ಪ” ಎಂದಳು ಶಟ್ಟೆವ್ವ, ಕೈ ತೊಳೆಯುತ್ತ. “ನಿಮ್ಮ ಭಾವಗ ಒಂದು ಕಾಗದ ಹಾಕು. ಮುಂದ ಏನಾತು ಬರದ ಕಳಸು ಅನ್ನು. ಬಂದ ದಿನ ಮಂಗಲ ಮಾಡೂಣು.”

“ನಾಳಿಗೇ ಹಾಕತೇನಿ ಆಯಿ.”

ಪೀಠವನ್ನು ತೆರೆದ ಪುಸ್ತಕಸಮೇತ ಗಿರಣಿಯ ಗೂಡಿಗೆ ತಂದಿಟ್ಟರು. ಸೋದರಮಾವನ ಮನೆ ತಾನೇ.

ನೀಲಪ್ಪ ಒಂದು ಇನ್‌ಲ್ಯಾಂಡ್ ಪತ್ರ ತಂದ. ‘ತೀರ್ಥರೂಪ ಭಾವನವರಿಗೆ’ ಎಂದು ಬರೆಯಲು ಹೋದ, ‘ಯಾರ ಭಾವ?’ ಎಂದು ಕಾಗದವೇ ಕೇಳಿದಂತಾಯಿತು. ‘ಮಾನ್ಯರೇ’ ಎಂದು ಬರೆಯಲು ಹೋದ, ಅದನ್ನು ಚನ್ನವ್ವ ನೋಡಿದರೆ? ಪತ್ರವನ್ನು ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕಿಸಿದ. ಯಾರಾದರೂ ಕೇಳಿದರೆ, “ಹಾಕೇನಿ. ಉತ್ತರ ಬಂದಿಲ್ಲ” ಎಂದ. ಒಂದು ಸುಳ್ಳು ಒಂಟಿಯಾಗಿ ಬಾಳುವುದಿಲ್ಲ, ಅದಕ್ಕೂ ಸಂಸಾರ ಬೇಕಾಗುತ್ತದೆ.

ಆಮೇಲೆ ಓಣಿಯಲ್ಲಿ ಏನು ಕೆಟ್ಟರೂ ಅದಕ್ಕೆ ಬಾಯಿ ತೆರೆದು ಕೂತ ಪುರಾಣವೇ ಕಾರಣವಾಯಿತು. ಗಿರಣಿಯ ಪಟ್ಟೆ ಹರಿಯಿತು, ಪುರಾಣ. ಯಾರದೋ ಎಮ್ಮೆ ಗಬ್ಬ ನಿಲ್ಲಲಿಲ್ಲ, ಪುರಾಣ. ಭರಮಪ್ಪನ ಮಗಳು ಮಾಲಾಳನ್ನು ನೋಡಲು ಬಂದ ಗಂಡಿನವರು ಚಹಾ ಕುಡಿದು ಹೋದವರು ತಿರುಗಿ ನೋಡಲಿಲ್ಲ, ಅದೂ ಪುರಾಣ. ಹುಡುಗ ತನಗೇ ಒಪ್ಪಿಗೆಯಾಗಿರಲಿಲ್ಲ ಎಂದು ಮಾಲಾ ಹೇಳಿದರೂ ಯಾರೂ ಕೇಳಲಿಲ್ಲ. ಮಂಗಲವಾಗದ ಪುರಾಣವಿರುವ ಕಡೆ ಶುಭಕಾರ್ಯದ ಹಿಟ್ಟು ಬೀಸಬಾರದು ಎಂದು ಹೆಂಗಸರು ಮದುವೆ ಸೀಮಂತದ ಗೋಧಿ, ಕಡಲೆಗಳನ್ನೆಲ್ಲ ಬಸ್‌ಸ್ಟ್ಯಾಂಡಿನ ಕಡೆಯ ಹೊಸ ಗಿರಣಿಗೆ ಹೊತ್ತರು. ನೀಲಪ್ಪನ ಪಾಲಿಗೆ ದಿನದ ರೊಟ್ಟಿಯ ಜೋಳ ಮಾತ್ರ ಉಳಿಯಿತು. ಸೀರೆ ಹೋದ ಹೆಂಡತಿ, ಗಿರಾಕಿ ಹೋದ ಗಿರಣಿ. ನಡುವೆ ನೀಲಪ್ಪ.

ಬೈಗುಳವೆಲ್ಲ ಬಿದ್ದದ್ದು ಮಾತ್ರ ಲೇಖಕರ ಮೇಲೆ. “ಎಷ್ಟ ಕಾಗದ ಹಾಕಿದ್ರೂ ಉತ್ತರಿಲ್ಲಂದ್ರ ಎಂಥಾ ಸೊಕ್ಕಿರಬೇಕು ಅವಗ” ಎಂದು ಹೆಂಗಸರು ನೀರಿಗೆ ಹೋಗುವಾಗ ಬರುವಾಗ ಬಯ್ದರು. ತನ್ನ ಸುಳ್ಳಿಗೆ ಧಾರವಾಡದಲ್ಲಿ ಕೂತ ಯಾರೋ ಒಬ್ಬರು ಉಗುಳಿಸಿಕೊಳ್ಳುತ್ತಿರುವುದನ್ನು ಕೇಳಿ ನೀಲಪ್ಪನ ಜೀವ ಹಿಂಡುತ್ತಿತ್ತು. “ಪಾಪ, ಅವರಿಗೂ ಕೆಲಸ ಇರತಾವ” ಎನ್ನುವನು. “ನೋಡರಿ, ಬೀಗರ ಅಂತ ಹೆಂಗ ಬಿಟ್ಟು ಕೊಡೂದಿಲ್ಲ” ಎಂದು ಅವರು ಅವನ ಗುಣವನ್ನೇ ಹೊಗಳುವರು.

ಹೀಗಿರುವಾಗ ಬಂತು ಸಿಡಿಲು. ಅಕ್ಕೋರು ಪತ್ರಿಕೆ ಹಿಡಿದುಕೊಂಡು ಬಂದರು. ‘ನೆರಳೂರಿನ ಅರಸಿ’ಯ ಕರ್ತೃವಿಗೆ ಬೈಲಹೊಂಗಲದಲ್ಲಿ ಸನ್ಮಾನ, ವಿಚಾರಗೋಷ್ಠಿ.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎಂದು ಶಟ್ಟೆವ್ವ ಸೊಂಟ ಕಟ್ಟಿದಳು. ಭರಮಪ್ಪ ಟ್ರ್ಯಾಕ್ಸ್ ತೊಳೆದ. ನೀಲಪ್ಪನಿಗೆ ಬೆಳಗಿನಿಂದಲೇ ಹೊಟ್ಟೆನೋವು ಬಂತು. ಶಟ್ಟೆವ್ವ ಅಜವಾನ ಉಪ್ಪು ಬಾಯಿಗೆ ಹಾಕಿ, ಮೇಲೆ ಬಿಸಿನೀರು ಹೊಯ್ದು, ಅವನನ್ನು ಗಾಡಿಯ ನಟ್ಟನಡುವಿನ ಸೀಟಿನಲ್ಲಿ, ಹಾರಿ ಇಳಿಯಲಾಗದಂತೆ, ತನ್ನ ಮತ್ತು ಚನ್ನವ್ವನ ನಡುವೆ ಕೂಡಿಸಿದಳು.

“ಭಾವನ್ನ ನೋಡಾಕ ಹೊಂಟೀರಿ. ಮಾರಿ ಯಾಕ ಬೆವರಾಕತ್ತೈತಿ?” ಎಂದಳು ಚನ್ನವ್ವ.

“ಅಜವಾನ ಖಾರ ಐತಿ.”

ಬೈಲಹೊಂಗಲದ ಸಭಾಭವನ ತುಂಬಿತ್ತು. ವೇದಿಕೆಯ ಮೇಲೆ ತೆಳ್ಳನೆಯ, ಕೆಮ್ಮುವ, ಹಾರ ಹಾಕಿದ್ದಕ್ಕೆ ನಾಚಿಕೊಂಡು ಕೂತ ಒಬ್ಬ ಮನುಷ್ಯ. ಒಬ್ಬ ಪ್ರೊಫೆಸರರು ನೆರಳೆಂದರೆ ಆಧುನಿಕ ಮನುಷ್ಯ ಕಳೆದುಕೊಂಡ ಆತ್ಮ ಎಂದರು. ಇನ್ನೊಬ್ಬರು, ಅಲ್ಲ, ನೆರಳೆಂದರೆ ಜಮೀನು ಎಂದರು. ಮೂರನೆಯವರು, ಬಡತನ ಇರುವ ದೇಶದಲ್ಲಿ ಮುಗಿಲು ನುಂಗುವ ಕತೆ ಬರೆಯುವುದು ಬೇಜವಾಬ್ದಾರಿ ಎಂದು ಮೇಜು ಕುಟ್ಟಿದರು. ಒಬ್ಬ ಹುಡುಗಿ ಎದ್ದು, ತಾನು ಇದನ್ನು ಓದಿ ರಾತ್ರಿಯೆಲ್ಲ ಅತ್ತೆ ಎಂದಳು. ಹಿಂದಿನ ಸಾಲಿನಲ್ಲಿ ಒಬ್ಬರು, ತಾವು ಓದಿ ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡಿದ್ದಾಗಿ ಹೇಳಿದರು. ಲೇಖಕರು ಎಲ್ಲರಿಗೂ ತಲೆದೂಗಿದರು.

ಅಧ್ಯಕ್ಷರು, “ಯಾರಾದರೂ ಪ್ರಶ್ನೆ ಕೇಳುವುದಿದ್ದರೆ” ಎಂದರು. ಶಟ್ಟೆವ್ವ ಎದ್ದಳು.

“ಹುಡುಗಿ ಇನ್ನೂ ನಿಂತಾಳೇನ್ರಿ?”

ಸಭೆ ತಿರುಗಿ ನೋಡಿತು. ಲೇಖಕರು ಮೊದಲ ಬಾರಿ ನೆಟ್ಟಗೆ ಕೂತರು. “ನಿಂತಾಳವ್ವ.”

“ಮದುವಿ ಮಾಡಿಕೊಟ್ಟವ್ರು ನಾವು. ತೊಟ್ಟಿಲಾ ತೂಗೇವಿ, ಅಕ್ಕಿಕಾಳ ಹಾಕೇವಿ. ಮಂಗಲ ಮಾತ್ರ ನಿಂತೈತಿ. ನಿಮ್ಮ ಹೆಣ್ತಿ ತಮ್ಮ, ಈ ನಮ್ಮ ಗಿರಣಿ ನೀಲಪ್ಪ, ಕಾಗದದ ಮ್ಯಾಲ ಕಾಗದ ಹಾಕ್ಯಾನ. ಬೀಗರಿಗೆ ಒಂದ ಸಾಲ ಉತ್ತರ ಬರಿಯಾಕ ಕೈ ನೋಯತಾವೇನ್ರಿ?”

ನೀಲಪ್ಪ ಕಂಬದ ಹಿಂದೆ ಸರಿದಿದ್ದ. ಚನ್ನವ್ವ ಅಂಗಿ ಹಿಡಿದು ಈಚೆ ಎಳೆದಳು. ಅವಳಿಗೆ ಎಲ್ಲ ಗೊತ್ತಿತ್ತು, ಆದರೆ ನಾಲ್ಕು ಜನರಲ್ಲಿ ಗಂಡ ಕಂಬದ ಹಿಂದೆ ಅಡಗಿದ ಎಂಬ ಮಾತು ಅವಳಿಗೆ ಬೇಕಿರಲಿಲ್ಲ. ಲೇಖಕರು ಕನ್ನಡಕ ಏರಿಸಿ, ಬೆಳ್ಳನೆಯ ಹುಬ್ಬಿನ, ಉಸಿರು ನಿಂತಂತೆ ನಿಂತ ಆ ಮನುಷ್ಯನನ್ನು ನೋಡಿದರು. ಮುಗಿಯಿತು, ಇನ್ನು ಮುನವಳ್ಳಿಯಲ್ಲಿ ಮುಖ ತೋರಿಸುವಂತಿಲ್ಲ, ಗಿರಣಿ ಮಾರಬೇಕು ಎಂದುಕೊಂಡ ನೀಲಪ್ಪ.

“ಏನಪಾ ನೀಲಪ್ಪ” ಎಂದರು ಲೇಖಕರು. “ಭಾವನ ಮನಿ ದಾರಿ ಮರತ ಬಿಟ್ಟೆಲ್ಲೋ. ಕಾಗದ ಒಂದೂ ಮುಟ್ಟಿಲ್ಲ ನೋಡು. ಟಪಾಲಿನ್ಯಾಗ ಎಲ್ಲಿ ಹೋದುವೋ ಏನೋ.”

ಶಟ್ಟೆವ್ವ ಸಮಾಧಾನದ ಉಸಿರು ಬಿಟ್ಟಳು. ಚನ್ನವ್ವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ನೀಲಪ್ಪನಿಗಂತೂ ತನಗೆ ನಿಜವಾಗಿಯೂ ಒಬ್ಬ ಅಕ್ಕ ಇದ್ದಿರಬಹುದೇ ಎಂಬ ಸಂಶಯ ಬಂತು.

ಸಭೆ ಮುಗಿದ ಮೇಲೆ ಅವನು ಲೇಖಕರ ಕಾಲು ಮುಟ್ಟಲು ಹೋದ. ಅವರು ತೋಳು ಹಿಡಿದು ಎತ್ತಿ, ಪಕ್ಕಕ್ಕೆ ಕರೆದು, ಮೆಲ್ಲಗೆ ಅಂದರು: “ನನ್ನ ಹೆಣ್ತಿಗೆ ತಮ್ಮಂದಿರಿಲ್ಲ. ತವರಿನಿಂದ ಬರೋರು ಯಾರೂ ಇಲ್ಲಂತ ಬಾಳ ದಿನದ ಕೊರಗು ಅಕೀದು. ಒಬ್ಬಾಂವ ಸಿಕ್ಕಾನ ಅಂತ ಹೇಳತೇನಿ. ಮತ್ತ ಸುಳ್ಳಿನ ಮಾತು ನನ್ನ ಮುಂದ ಹೇಳಬ್ಯಾಡ, ನಾ ಅದರಾಗ ಹೊಟ್ಟಿ ಹೊರಕೊಂಡಾಂವ.”

“ಮುಂದ ಏನಾತ್ರಿ ಹುಡುಗೀದು?” ನೀಲಪ್ಪ ಕೇಳಿದ.

“ಖರೇ ಹೇಳಲೇನು? ನನಗೂ ಗೊತ್ತಿಲ್ಲ. ಕೊಟ್ಟ ಮ್ಯಾಲ ಅಕಿ ನಿಮ್ಮ ಹುಡುಗಿ. ನಿಮ್ಮ ಓಣ್ಯಾಗ ಎಲ್ಲಾರೂ ಕೂಡಿ ಮಾತಾಡಿ ನೀನ ಬರದ ಹಾಕು. ಈ ಸಲ ಖರೇನ ಹಾಕು.”

ಒಂದು ಪತ್ರ ಹಾಕದ್ದಕ್ಕೆ ಇಷ್ಟು ದಿನ ನೀಲಪ್ಪನೊಬ್ಬನೇ ಕಾರಣನಾಗಿದ್ದ. ಈಗ ಇಡೀ ಓಣಿ ಕಾರಣವಾಯಿತು. ಹೊಳೆರಾಯ ತಪಸ್ಸು ಮಾಡಿ ಲಿಂಗೈಕ್ಯನಾಗಬೇಕು ಎಂದರು ಬಸಯ್ಯನವರು. ಹೊಳೆಯೊಳಗೆ ಒಂದು ಯುದ್ಧವಾಗದೆ ತಾನು ಒಪ್ಪುವುದಿಲ್ಲ ಎಂದ ಭರಮಪ್ಪ. ಇದ್ದ ಹಾಗೇ ಬಿಡಬೇಕು, ಒಂದು ಅಕ್ಷರ ಕೂಡಿಸಿದರೂ ಕತೆ ಕೆಡುತ್ತದೆ ಎಂದರು ಅಕ್ಕೋರು. ಅವಳು ಬೇರೆ ಮದುವೆಯಾಗಲಿ, ನೀರಿಗಿಳಿದ ಗಂಡನನ್ನು ಎಷ್ಟು ದಿನ ಕಾಯುವುದು ಎಂದಳು ಮಾಲಾ. ಅದಕ್ಕೆ ಬಸಯ್ಯನವರು ವಾರವಿಡೀ ಗಿರಣಿಯ ಕಡೆ ಬರಲಿಲ್ಲ. ಶಟ್ಟೆವ್ವ ಮಾತ್ರ, “ತಡೀರಿ, ವಿಚಾರ ಮಾಡಾಕತ್ತೇನಿ” ಎನ್ನುವಳು.

ವರ್ಷಗಳು ಹೋದವು. ಊರಿಗೆ ಎಸ್‌ಟಿಡಿ ಬೂತುಗಳು ಬಂದವು, ಹೋದವು. ಮಾಲಾಳಿಗೆ ಅವಳು ಒಪ್ಪಿದವನೊಡನೆಯೇ ಮದುವೆಯಾಯಿತು. ಆ ಮದುವೆಯ ಗೋಧಿಯೂ ಬಸ್‌ಸ್ಟ್ಯಾಂಡಿನ ಗಿರಣಿಗೇ ಹೋಯಿತು. ಅಕ್ಕೋರಿಗೆ ರಾಮದುರ್ಗಕ್ಕೆ ವರ್ಗವಾಗಿ, ಅವರು ರಜೆಗೆ ಬಂದಾಗೊಮ್ಮೆ ಜಗಳ ಮುಂದುವರಿಸಿ ಹೋಗುತ್ತಿದ್ದರು. ಗೂಡಿನಲ್ಲಿದ್ದ ಪುಸ್ತಕದ ಹೊದಿಕೆಯ ಮೇಲೆ ಹಿಟ್ಟು ಕೂತು ಕೂತು, ಅದೂ ನೀಲಪ್ಪನ ಹುಬ್ಬಿನಂತಾಯಿತು. ಡಬ್ಬಿಯ ಹಿಂದಿನ ಇನ್‌ಲ್ಯಾಂಡ್ ಪತ್ರ ಹಳದಿಯಾಯಿತು.

ಹೊಸ ಶತಮಾನ ಬಂದು ಸ್ವಲ್ಪ ಹಳತಾಗಿತ್ತು. ಮತ್ತೊಂದು ಶ್ರಾವಣ. ಪಂಚಮಿಗೆ ಇನ್ನೂ ದಿನಗಳಿದ್ದವು. ಚನ್ನವ್ವ ಗಿರಣಿಯ ಜಗುಲಿಯಲ್ಲಿ ಶೇಂಗಾ ಹುರಿದು ಸಿಪ್ಪೆ ಹಾರಿಸುತ್ತಿದ್ದಳು, ಉಂಡಿಗೆ. ಶಟ್ಟೆವ್ವ ಈಗ ಕೋಲು ಹಿಡಿದು ಬರುತ್ತಿದ್ದಳು. ಕಣ್ಣು ಮಂಜಾಗಿತ್ತು, ನಾಲಿಗೆ ಮಂಜಾಗಿರಲಿಲ್ಲ. ಓಣಿಯ ತುದಿಯಲ್ಲಿ ಭರಮಪ್ಪ ಟ್ರ್ಯಾಕ್ಸ್ ಒರೆಸುತ್ತಿದ್ದ.

“ಎಲ್ಲಿಗೆ ಹೊಂಟೀಯೋ ಭರಮಪ್ಪ?”

“ಮಾಲಾನ ಕರಿಯಾಕ ಹೊಂಟೇನಿ ಆಯಿ. ಪಂಚಮಿಗೆ ತವರಿನಿಂದ ಯಾರೂ ಬರಲಿಲ್ಲಂದ್ರ ಬಾಗಲಾಗ ನಿಂತ ಬಿಡತಾಳ ಅಕಿ. ಒಳಗ ಬಾ ಅಂದ್ರೂ ಹೋಗೂದಿಲ್ಲಂತ.”

ಶಟ್ಟೆವ್ವ ಕೋಲು ಊರಿ ಅಲ್ಲೇ ನಿಂತಳು. ಎಷ್ಟು ಹೊತ್ತಾದರೂ ಕದಲಲಿಲ್ಲ. ಚನ್ನವ್ವ ಮೊರ ಕೆಳಗಿಟ್ಟಳು.

“ಯಾಕ ಆಯಿ?”

“ನನ್ನ ತವರು ನೀರಾಗ ಹೋದ ಮ್ಯಾಲ” ಎಂದಳು ಶಟ್ಟೆವ್ವ, “ನನಗೂ ಕರಿಯಾಕ ಯಾರೂ ಬರಲಿಲ್ಲ. ಎಲ್ಲಾರೂ ಒಂದೊಂದ ಊರು ಹಿಡದ ಹೋಗಿದ್ರು. ಆದರೂ ಪಂಚಮಿ ದಿನಾ ಹೊಳಿ ಕಡೆ ಮಾರಿ ಮಾಡಿ ನಿಂದರತಿದ್ದೆ ನಾ. ಗಂಡ ಮನಿಯಾಗ ಕುಂತಿರತಿದ್ದಾ, ಮತ್ತ. ಗಂಡನ ದಾರಿ ಕಾಯತಿದ್ದಿಲ್ಲ ನಾ.” ಆಮೇಲೆ ಕೋಲನ್ನು ನೀಲಪ್ಪನ ಕಡೆ ತಿರುಗಿಸಿದಳು. “ಏ ಸೋದರಮಾವ. ಹೊಳೆರಾಯ ಬರತಾನೋ ಇಲ್ಲೋ ಅಂತ ವರ್ಷಾನುಗಟ್ಟಲೆ ಹೊಡದಾಡಿದ್ರಿ. ಅಕಿ ಅವನ ದಾರಿ ಕಾಯಾಕತ್ತಿಲ್ಲೋ. ಮದುವಿ ಮಾಡಿಕೊಟ್ಟೀರಿ, ಮೊದಲನೇ ಪಂಚಮಿಗೆ ಕರಿಯಾಕ ಹೋದ್ರೇನು? ಎರಡನೇದಕ್ಕ? ಕರಿಯಾಕ ಬರೋರ ದಾರಿ ನೋಡಕೋತ ನಿಂತಾಳ ಅಕಿ.”

ಗಿರಣಿ ತಿರುಗುತ್ತಲೇ ಇತ್ತು. ನೀಲಪ್ಪ ಸ್ವಿಚ್ಚು ಆರಿಸಿದ. ಸದ್ದು ನಿಂತದ್ದಕ್ಕೆ ಓಣಿಯವರು ಒಬ್ಬೊಬ್ಬರಾಗಿ ಬಂದು ಸೇರಿದರು. ಈ ಮಾತಿಗೆ ಎದುರಾಡಲು ಬಸಯ್ಯನವರ ಬಳಿ ಶಾಸ್ತ್ರವಿರಲಿಲ್ಲ, ಭರಮಪ್ಪನ ಬಳಿ ಯುದ್ಧವಿರಲಿಲ್ಲ. ರಜೆಗೆ ಬಂದಿದ್ದ ಅನ್ನಪೂರ್ಣಾ ಅಕ್ಕೋರು, “ಕತಿ ಮುಟ್ಟಬ್ಯಾಡ್ರಿ ಅಂತ ಹೇಳತಿದ್ದೆ” ಎಂದರು. “ಇದು ಕತಿ ಮುಟ್ಟೂದಿಲ್ಲ. ಬರೀರಿ.”

ಡಬ್ಬಿಯ ಹಿಂದಿನಿಂದ ಹಳದಿ ಪತ್ರ ಹೊರಬಂತು. ಅದರ ಅಂಚೆದರ ಯಾವ ಕಾಲದ್ದೋ. ಅಕ್ಕೋರು ಅದಕ್ಕೆ ಮೇಲಿಂದ ಹಚ್ಚಲು ಅಂಚೆಚೀಟಿ ಕೊಟ್ಟರು. ನೀಲಪ್ಪ ಜೋಳದ ಚೀಲದ ಮೇಲೆ ಹಲಗೆಯಿಟ್ಟು ಕೂತ. ಈ ಸಲ ಯಾರಿಗೆ ಬರೆಯುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು.

‘ಚಿ. ಸೌ. ಮುಗಿಲಾಂಬೆಗೆ ಸೋದರಮಾವ ನೀಲಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ನಿನ್ನನ್ನು ಕರೆಯಲು ಬರುವುದು ತಡವಾಯಿತು, ತಪ್ಪು ನನ್ನದು. ಈ ಪಂಚಮಿಗೆ ತವರಿಗೆ ಬರಬೇಕು. ಶೇಂಗಾ ಉಂಡಿ, ಎಳ್ಳುಂಡಿ ಆಗಿವೆ. ಗುಡಿಯ ಮುಂದೆ ಜೋಕಾಲಿ ಕಟ್ಟುತ್ತೇವೆ. ಹೊಳೆರಾಯರು ಬರುವುದಾದರೆ ಅವರನ್ನೂ ಕರೆದುಕೊಂಡು ಬಾ. ಬಾರದಿದ್ದರೆ ನೀನೊಬ್ಬಳೇ ಬಾ, ಯಾರೂ ಏನೂ ಕೇಳುವುದಿಲ್ಲ. ಭರಮಪ್ಪನ ಗಾಡಿ ಹೊಳೆದಂಡೆಗೆ ಬರುತ್ತದೆ. ನಿನ್ನ ಅತ್ತೆ ಚನ್ನವ್ವ ಕೇಳಿದಳೆಂದು ತಿಳಿ.’

“ಸೀರಿ ತಿರುಗಿ ಕೊಡೂದು ಬ್ಯಾಡಂತ ಬರೀರಿ” ಎಂದಳು ಚನ್ನವ್ವ, ಶೇಂಗಾ ಕಡೆಗೇ ನೋಡುತ್ತ. ಅದನ್ನೂ ಬರೆದ.

ವಿಳಾಸ: ಮುಗಿಲಾಂಬೆ, ಶ್ರೀ ಗುರುಪಾದ ಸುರೇಬಾನಕರ ಅವರ ಮನೆ, ಧಾರವಾಡ.

ಓಣಿಯೆಲ್ಲ ಪತ್ರದ ಹಿಂದೆ ಅಂಚೆ ಕಚೇರಿಯತನಕ ನಡೆಯಿತು. ಹೆಂಗಸರು ಅದೇಕೋ ದಾರಿಯಲ್ಲಿ ಮನೆಮನೆಯಿಂದ ಆರತಿಯ ತಟ್ಟೆ ಎತ್ತಿಕೊಂಡು ಬಂದಿದ್ದರು. ಬಸಯ್ಯನವರು ಗೂಡಿನಿಂದ ಪೀಠವನ್ನು ಹೊತ್ತು ತಂದಿದ್ದರು. ಊಟದ ಡಬ್ಬಿ ತೆರೆಯುತ್ತಿದ್ದ ಪೋಸ್ಟಮನ್ನು, ಸತ್ತವರೋ ಸಾಹುಕಾರರೋ ಯಾರೋ ಬಂದರೆಂದು ಎದ್ದು ನಿಂತ. ನೀಲಪ್ಪ ಕೆಂಪು ಡಬ್ಬಿಯ ಬಾಯಿಗೆ ಪತ್ರ ಹಿಡಿದ. ಬಿಡಲಿಲ್ಲ.

“ಬಿಡೋ” ಎಂದಳು ಶಟ್ಟೆವ್ವ.

ಬಿಟ್ಟ. ಕೆಂಪು ಬಣ್ಣದ ಮೇಲೆ ಅವನ ಐದೂ ಬೆರಳುಗಳ ಹಿಟ್ಟಿನ ಗುರುತು ಮೂಡಿತು.

“ಬಿತ್ತೇನು?”

“ಬಿತ್ತು ಆಯಿ.”

ಬಸಯ್ಯನವರು ಪುಟದ ಮೇಲಿನ ನೂಲು ಬಿಚ್ಚಿದರು. ಶಟ್ಟೆವ್ವ ಅಂಚೆ ಕಚೇರಿಯ ಮೆಟ್ಟಿಲ ಮೇಲೇ ಮಂಗಲ ಎತ್ತಿದಳು. ಏನು ಎತ್ತ ತಿಳಿಯದಿದ್ದರೂ ಪೋಸ್ಟಮನ್ನು ಕೈ ಮುಗಿದು ನಿಂತ.